ಓದು ಬಾರದ ನಿರ್ದೇಶಕ ಮೆಹಬೂಬ್ ಖಾನ್

ಸಿನಿಮಾದ ಬಗ್ಗೆ ಅಭಿಪ್ರಾಯ ಇಲ್ಲದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಾರರು. ಯಾವ ಹೀರೊ ಚೆನ್ನಾಗಿ ನಟಿಸುತ್ತಾನೆ, ಯಾರು ಬರೀ ಸ್ಟೈಲ್ ಮಾಡುತ್ತಾರೆ, ಯಾವ ಧಾರಾವಾಹಿಯ ಕತೆಯನ್ನು ಸುಮ್ಮನೆ ಎಳೆಯುತ್ತಿದ್ದಾರೆ ಎಂಬ ಚರ್ಚೆ ಬಸ್ಸಿನಲ್ಲಿ ಶುರುವಾದರೆ ಮೊದಲ ಪಿರಿಯಡ್‌ನ ಬೆಲ್ ಹೊಡೆಯುವವರೆಗೂ ನಿಲ್ಲುವುದಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮ ಮಾತೆಲ್ಲ ಪರದೆಯ ಮೇಲೆ ಕಾಣುವ ಮುಖಗಳ ಸುತ್ತಲೇ ತಿರುಗುತ್ತದೆ. ಪರದೆಯ ಹಿಂದೆ ನಿಂತು ಆ ಮುಖಗಳನ್ನು ನಮಗೆ ತೋರಿಸಿದವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಅಂಥ ಒಬ್ಬರ ಬದುಕಿನ ಪರಿಚಯವನ್ನು ಇಲ್ಲಿ ಮಾಡಿಕೊಡುತ್ತಿದ್ದೇವೆ. ಇವರು ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಓದು ಬರಹ ಅವರಿಗೆ ಬಹುಪಾಲು ಒಲಿದಿರಲಿಲ್ಲ. ಆದರೂ ಭಾರತದಿಂದ ಆಸ್ಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಹೋದ ಮೊದಲ ಕಥಾಚಿತ್ರ ಅವರದು. ಅವರೇ 'ಮದರ್ ಇಂಡಿಯಾ' ನಿರ್ದೇಶಿಸಿದ ಮೆಹಬೂಬ್ ಖಾನ್.

ಅವರ ಕತೆ ಹೇಳುವಾಗ ಒಂದು ಅಪಾಯವಿದೆ. ಓದದೇ ಇಷ್ಟು ದೊಡ್ಡವರಾದರಲ್ಲ, ಹಾಗಾದರೆ ನಾವೇಕೆ ಓದಬೇಕು ಎಂದು ಯಾರಾದರೂ ಕೇಳಬಹುದು. ಆ ಪ್ರಶ್ನೆಗೆ ಉತ್ತರ ಅವರ ಬದುಕಿನಲ್ಲೂ ಇದೆ, ಅವರ ಸಿನಿಮಾಗಳಲ್ಲೂ ಇದೆ. ಕೊನೆಯವರೆಗೆ ಓದಿದರೆ ನಿಮಗೇ ತಿಳಿಯುತ್ತದೆ.

ಬಿಲಿಮೋರಾದಿಂದ ಬೊಂಬಾಯಿಗೆ

ಮೆಹಬೂಬ್ ಖಾನ್ ರಂಝಾನ್ ಖಾನ್ ಹುಟ್ಟಿದ್ದು 1907ರ ಸೆಪ್ಟೆಂಬರ್ 9ರಂದು, ಗುಜರಾತಿನ ಬಿಲಿಮೋರಾದಲ್ಲಿ. ಆಗ ಆ ಊರು ಬರೋಡಾ ಸಂಸ್ಥಾನಕ್ಕೆ ಸೇರಿತ್ತು. ಮನೆಯಲ್ಲಿ ಹೇಳಿಕೊಳ್ಳುವಂಥ ಅನುಕೂಲ ಇರಲಿಲ್ಲ. ಹುಡುಗನಿಗೆ ಪುಸ್ತಕಕ್ಕಿಂತ ಸಿನಿಮಾದ ಮೇಲೆಯೇ ಆಸೆ. ಹದಿಹರೆಯದಲ್ಲಿ ಮನೆಬಿಟ್ಟು ಬೊಂಬಾಯಿಗೆ ಓಡಿಹೋದ. ಹಿಂದಕ್ಕೆ ಕರೆತಂದರೂ ಮನಸ್ಸು ಊರಿನಲ್ಲಿ ನಿಲ್ಲಲಿಲ್ಲ. ಕೊನೆಗೆ ಮತ್ತೆ ಆ ನಗರವನ್ನೇ ಸೇರಿದ.

ಆ ಕಾಲದಲ್ಲಿ ಸಿನಿಮಾಕ್ಕೆ ಮಾತಿರಲಿಲ್ಲ. ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಫಿಲ್ಮ್ ಕಂಪನಿ ಮೂಕಿ ಚಿತ್ರಗಳನ್ನು ತಯಾರಿಸುತ್ತಿತ್ತು. ಮೆಹಬೂಬ್ ಅಲ್ಲಿ ಎಕ್ಸ್‌ಟ್ರಾ ಆಗಿ ಸೇರಿದರು. ಎಕ್ಸ್‌ಟ್ರಾ ಎಂದರೆ ಗುಂಪಿನಲ್ಲಿ ನಿಲ್ಲುವವನು. ಅವನಿಗೆ ಹೆಸರೂ ಇಲ್ಲ, ಮಾತೂ ಇಲ್ಲ. 1927ರಲ್ಲಿ ಬಂದ ಆಲಿಬಾಬಾ ಮತ್ತು ನಲವತ್ತು ಕಳ್ಳರ ಚಿತ್ರದಲ್ಲಿ ಅವರು ನಲವತ್ತು ಕಳ್ಳರಲ್ಲಿ ಒಬ್ಬರು. ಕತೆ ಎಲ್ಲರಿಗೂ ಗೊತ್ತೇ ಇದೆ, ಕಳ್ಳರು ಪೀಪಾಯಿಗಳೊಳಗೆ ಅಡಗಿ ಕೂರುತ್ತಾರೆ. ಮುಂದೆ ದೇಶದ ದೊಡ್ಡ ನಿರ್ದೇಶಕರಲ್ಲಿ ಒಬ್ಬರಾದವರ ಸಿನಿಮಾ ಬದುಕು ಶುರುವಾದದ್ದು ಹಾಗೆ, ಪೀಪಾಯಿಯೊಳಗೆ ಮುಖ ಮರೆಸಿಕೊಂಡು.

1931ರ ಮಾರ್ಚ್ 14ರಂದು ಬೊಂಬಾಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಭಾರತದ ಮೊದಲ ಮಾತಿನ ಚಿತ್ರ 'ಆಲಂ ಆರಾ' ತೆರೆಕಂಡಿತು. ಅದನ್ನು ತಯಾರಿಸಿದ್ದೂ ಅರ್ದೇಶಿರ್ ಇರಾನಿಯವರೇ. ಅದರ ನಾಯಕನ ಪಾತ್ರಕ್ಕೆ ಮೆಹಬೂಬರ ಹೆಸರು ಪರಿಶೀಲನೆಯಲ್ಲಿತ್ತು. ಆದರೆ ಕೊನೆಗೆ ಆ ಪಾತ್ರ ಆಗಲೇ ಜನಪ್ರಿಯರಾಗಿದ್ದ ಮಾಸ್ಟರ್ ವಿಠ್ಠಲ್ ಅವರಿಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ, ಒಂದು ಸೀಟು ತಪ್ಪಿದರೆ ಎಲ್ಲವೂ ಮುಗಿಯಿತು ಎಂದುಕೊಳ್ಳುತ್ತೇವೆ. ಮೆಹಬೂಬರಿಗೆ ತಪ್ಪಿದ್ದು ಭಾರತದ ಮೊದಲ ಮಾತಿನ ಚಿತ್ರದ ನಾಯಕನ ಪಾತ್ರ! ಅವರು ಊರಿಗೆ ಹಿಂದಿರುಗಲಿಲ್ಲ. ಸಣ್ಣಪುಟ್ಟ ಪಾತ್ರಗಳನ್ನು ಮಾಡುತ್ತಲೇ ಕ್ಯಾಮೆರಾ ಎಲ್ಲಿ ಇಡುತ್ತಾರೆ, ಬೆಳಕು ಹೇಗೆ ಬಿಡುತ್ತಾರೆ, ದೃಶ್ಯ ಹೇಗೆ ಕಟ್ಟುತ್ತಾರೆ ಎಂಬುದನ್ನು ನೋಡಿ ನೋಡಿ ಕಲಿತರು. ಸ್ಟುಡಿಯೋವೇ ಅವರಿಗೆ ಶಾಲೆಯಾಯಿತು.

ನಿರ್ದೇಶಕನ ಕುರ್ಚಿ

ಸಾಗರ್ ಮೂವಿಟೋನ್ ಸಂಸ್ಥೆ 1935ರಲ್ಲಿ ಅವರಿಗೆ ಮೊದಲ ಬಾರಿ ನಿರ್ದೇಶನದ ಅವಕಾಶ ಕೊಟ್ಟಿತು. ಚಿತ್ರದ ಹೆಸರು 'ಅಲ್ ಹಿಲಾಲ್'. ರೋಮನ್ನರಿಗೂ ಮುಸ್ಲಿಮರಿಗೂ ನಡುವಿನ ಸಂಘರ್ಷದ ಕತೆ ಅದು. ಅಲ್ಲಿಂದ ಮುಂದೆ ವರ್ಷಕ್ಕೊಂದು ಎರಡು ಚಿತ್ರಗಳಂತೆ 'ಡೆಕ್ಕನ್ ಕ್ವೀನ್', 'ಮನಮೋಹನ್', 'ಜಾಗೀರ್ದಾರ್', 'ಏಕ್ ಹಿ ರಾಸ್ತಾ' ಬಂದವು. ಅವರ ಹೆಚ್ಚಿನ ಚಿತ್ರಗಳಿಗೆ ಕ್ಯಾಮೆರಾ ಹಿಡಿದವರು ಫರೀದೂನ್ ಇರಾನಿ. 'ಮದರ್ ಇಂಡಿಯಾ'ವರೆಗೂ ಈ ಜೊತೆ ಮುಂದುವರಿಯಿತು. ಒಮ್ಮೆ ನಂಬಿದವರನ್ನು ಸುಲಭವಾಗಿ ಬಿಟ್ಟುಕೊಡುವ ಸ್ವಭಾವ ಮೆಹಬೂಬರದಾಗಿರಲಿಲ್ಲ.

1940ರಲ್ಲಿ ಬಂದ 'ಔರತ್' ಅವರ ಹೆಸರನ್ನು ಎತ್ತರಕ್ಕೆ ಒಯ್ದಿತು. ಬಡತನ, ಸಾಲ, ಬರಗಾಲ ಇವುಗಳ ನಡುವೆ ಮಕ್ಕಳನ್ನು ಸಾಕುವ ಹಳ್ಳಿಯ ತಾಯಿಯೊಬ್ಬಳ ಕತೆ ಅದು. ತಾಯಿಯ ಪಾತ್ರ ಮಾಡಿದವರು ಸರ್ದಾರ್ ಅಖ್ತರ್. 1942ರಲ್ಲಿ ಮೆಹಬೂಬ್ ಅವರನ್ನು ಮದುವೆಯಾದರು. ಅದೇ ವರ್ಷ ಬಂದ 'ರೋಟಿ' ಹಣದ ದುರಾಸೆಯನ್ನು ನೇರವಾಗಿ ಪ್ರಶ್ನಿಸಿದ ಚಿತ್ರ. ಗಝಲ್ ಲೋಕದ ಮಹಾನ್ ಗಾಯಕಿ ಬೇಗಂ ಅಖ್ತರ್ ಅದರಲ್ಲಿ ನಟಿಸಿದ್ದರು. ಚಿನ್ನ ಎಷ್ಟಿದ್ದರೂ ಹಸಿವಾದಾಗ ಅದನ್ನು ತಿನ್ನಲಾಗದು, ಬಾಯಾರಿದಾಗ ಕುಡಿಯಲಾಗದು ಎಂಬುದೇ ಅದರ ಸಾರ. ಮರುವರ್ಷವೇ ಬಂಗಾಳದಲ್ಲಿ ಭೀಕರ ಕ್ಷಾಮ ಬಂತು, ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ಆ ದಿನಗಳಲ್ಲಿ ಇಂಥ ಚಿತ್ರದ ಮಾತು ಎಷ್ಟು ನಿಜವಾಗಿತ್ತು ಎಂಬುದನ್ನು ನಾವು ಊಹಿಸಬಹುದು.

ಬಳಿಕ ಅವರು ತಮ್ಮದೇ ಮೆಹಬೂಬ್ ಪ್ರೊಡಕ್ಷನ್ಸ್ ಕಟ್ಟಿದರು. ಅದರ ಲಾಂಛನ ಒಂದು ವಿಚಿತ್ರ ಜೋಡಣೆ. ದುಡಿಯುವ ಜನರ ಗುರುತಾದ ಸುತ್ತಿಗೆ ಮತ್ತು ಕುಡುಗೋಲು ಅದರಲ್ಲಿತ್ತು. ಅದರೊಂದಿಗೆ ಕೇಳಿಬರುತ್ತಿದ್ದದ್ದು ಒಂದು ಉರ್ದು ಶೇರ್. ಯಾರು ಎಷ್ಟೇ ಕೇಡು ಬಯಸಿದರೂ ನಡೆಯುವುದು ದೇವರ ಇಚ್ಛೆಯೊಂದೇ ಎಂಬ ಅರ್ಥ ಅದಕ್ಕಿತ್ತು. ಮೆಹಬೂಬ್ ಕಮ್ಯುನಿಸ್ಟರೇ, ಧರ್ಮನಿಷ್ಠ ಮುಸ್ಲಿಮರೇ ಎಂದು ಈ ಲಾಂಛನ ನೋಡಿದವರು ಗೊಂದಲಪಟ್ಟದ್ದುಂಟು. ಅವರು ಧರ್ಮನಿಷ್ಠರಾಗಿದ್ದರು. ಬಡವರ, ರೈತರ, ಕೂಲಿಕಾರರ ಪರವಾಗಿಯೂ ಇದ್ದರು. ಇವೆರಡೂ ಒಂದಕ್ಕೊಂದು ವಿರುದ್ಧ ಎಂದು ಅವರಿಗೆ ಅನ್ನಿಸಲಿಲ್ಲ. ದುಡಿದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕು ಎಂದು ಕಲಿಸುವ ಧರ್ಮದಲ್ಲಿ ಬೆಳೆದವರಿಗೆ ಹಾಗೆ ಏಕಾದರೂ ಅನ್ನಿಸಬೇಕು?

ನಟರನ್ನು ಗುರುತಿಸುವ ಕಣ್ಣು

ನಾವು ಒಬ್ಬ ನಟ ಅಥವಾ ನಟಿ ಚೆನ್ನಾಗಿಲ್ಲ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತೇವೆ. ಮೆಹಬೂಬ್ ಕೆಲಸ ಮಾಡಿದ್ದು ಇದಕ್ಕೆ ವಿರುದ್ಧವಾಗಿ. ಇನ್ನೂ ಏನೂ ಅಲ್ಲದವರಲ್ಲಿ ಮುಂದೆ ಏನಾಗಬಹುದು ಎಂಬುದನ್ನು ಅವರು ಕಾಣುತ್ತಿದ್ದರು. 1943ರ 'ತಕ್ದೀರ್' ಚಿತ್ರದಲ್ಲಿ ನರ್ಗಿಸ್ ಅವರನ್ನು ನಾಯಕಿಯಾಗಿ ತಂದಾಗ ಆಕೆ ಹದಿನಾಲ್ಕರ ಆಸುಪಾಸಿನ ಹುಡುಗಿ. 1952ರ 'ಆನ್' ಚಿತ್ರಕ್ಕೆ ಹೊಸ ಮುಖವಾದ ನಾದಿರಾ ಅವರನ್ನು ಆರಿಸಿದರು. 'ಮದರ್ ಇಂಡಿಯಾ'ದಲ್ಲಿ ಬಾಲಕ ಬಿರ್ಜುವಿನ ಪಾತ್ರ ಮಾಡಿದ ಸಾಜಿದ್ ಬಡ ಕುಟುಂಬದಿಂದ ಬಂದ ಹುಡುಗ. ಮೆಹಬೂಬ್ ದಂಪತಿ ಅವನನ್ನು ಮನೆಮಗನಾಗಿ ಬೆಳೆಸಿದರು. ಒಂದು ಕಾಲದಲ್ಲಿ ಪೀಪಾಯಿಯೊಳಗೆ ಕುಳಿತು ತನ್ನ ಮುಖ ಯಾರಿಗೂ ಕಾಣದಂತೆ ನಟಿಸಿದವನಿಗೆ, ಗುಂಪಿನಲ್ಲಿ ನಿಂತವರ ಮುಖವನ್ನೂ ನೋಡಬೇಕು ಎಂಬುದು ತಿಳಿದಿರುತ್ತದೆ.

1945ರ 'ಹುಮಾಯೂನ್' ಚಿತ್ರದಲ್ಲಿ ಮೊಘಲ್ ದೊರೆಯೂ ರಜಪೂತ ರಾಜಕುಮಾರಿಯೂ ಅಣ್ಣ ತಂಗಿಯರ ಬಂಧದಲ್ಲಿ ನಿಲ್ಲುತ್ತಾರೆ. ದೇಶ ಎರಡಾಗುವ ಮಾತು ಜೋರಾಗಿದ್ದ ಹೊತ್ತಿನಲ್ಲಿ ಇಂಥ ಕತೆಯನ್ನು ಅವರು ಆರಿಸಿಕೊಂಡದ್ದು ಗಮನಿಸಬೇಕಾದ ವಿಷಯ. 1946ರ 'ಅನ್ಮೋಲ್ ಘಡಿ' ನೂರ್‌ಜಹಾನ್, ಸುರಯ್ಯಾ, ಸುರೇಂದ್ರ ಎಂಬ ಮೂವರು ಹಾಡುವ ನಟರ ಚಿತ್ರ. ನೌಶಾದ್ ಅವರ ಸಂಗೀತ ಮನೆಮನೆ ತಲುಪಿತು. ಮರುವರ್ಷ ದೇಶ ವಿಭಜನೆಯಾಯಿತು. ನೂರ್‌ಜಹಾನ್ ಪಾಕಿಸ್ತಾನಕ್ಕೆ ಹೋದರು. ಮೆಹಬೂಬ್ ಇಲ್ಲೇ ಉಳಿದರು, ನೌಶಾದ್ ಕೂಡ ಇಲ್ಲೇ ಉಳಿದರು.

1949ರ 'ಅಂದಾಝ್' ಚಿತ್ರದಲ್ಲಿ ದಿಲೀಪ್ ಕುಮಾರ್ ಮತ್ತು ರಾಜ್ ಕಪೂರ್ ಒಟ್ಟಿಗೆ ನಟಿಸಿದರು. ಇಬ್ಬರೂ ಮುಂದೆ ಇಷ್ಟು ದೊಡ್ಡವರಾದರೂ ಒಂದೇ ಚಿತ್ರದಲ್ಲಿ ಕಾಣಿಸಿಕೊಂಡದ್ದು ಇದೊಂದರಲ್ಲೇ. 'ಆನ್' ಚಿತ್ರವನ್ನು 16 ಮಿ.ಮೀ. ಬಣ್ಣದ ಫಿಲ್ಮಿನಲ್ಲಿ ಚಿತ್ರೀಕರಿಸಿ, ಬಳಿಕ ಅದನ್ನು ಟೆಕ್ನಿಕಲರ್‌ನಲ್ಲಿ ದೊಡ್ಡದು ಮಾಡಿಸಿದರು. ಲಂಡನ್ನಿನಲ್ಲೂ ಅದು ಪ್ರದರ್ಶನ ಕಂಡಿತು. 1954ರ 'ಅಮರ್' ಮಾತ್ರ ಸೋತಿತು. ಗೌರವಸ್ಥನಾದ ವಕೀಲನೊಬ್ಬ ಬಡ ಹುಡುಗಿಗೆ ಅನ್ಯಾಯ ಮಾಡಿ, ತನ್ನ ಆತ್ಮಸಾಕ್ಷಿಯ ಎದುರು ನಿಲ್ಲಲಾಗದೆ ಒದ್ದಾಡುವ ಕತೆ ಅದು. ದಿಲೀಪ್ ಕುಮಾರ್ ಅವರಂಥ ಮೆಚ್ಚಿನ ನಾಯಕನನ್ನು ತಪ್ಪಿತಸ್ಥನಾಗಿ ನೋಡಲು ಜನ ಸಿದ್ಧರಿರಲಿಲ್ಲ. ಹೀರೊ ಎಂದರೆ ತಪ್ಪೇ ಮಾಡದವನು ಎಂಬ ನಮ್ಮ ಹಠ ಇಂದಿನದಲ್ಲ. ಅದೇ 1954ರಲ್ಲಿ ಬಾಂದ್ರಾದಲ್ಲಿ ಮೆಹಬೂಬ್ ಸ್ಟುಡಿಯೋ ಎದ್ದು ನಿಂತಿತು.

ಮಹಲು ಶಾಲೆಯಾದ ಕತೆ

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. 1947ರಲ್ಲಿ ಅವರು 'ಏಲಾನ್' ಎಂಬ ಚಿತ್ರ ಮಾಡಿದರು. 'ಮದರ್ ಇಂಡಿಯಾ'ದ ನೆರಳಿನಲ್ಲಿ ಇದನ್ನು ಈಗ ನೆನಪಿಸಿಕೊಳ್ಳುವವರು ಕಡಿಮೆ. ಆದರೆ ನಮ್ಮಂಥ ಕಾಲೇಜಿನ ವಿದ್ಯಾರ್ಥಿಗಳು ಇದನ್ನು ತಿಳಿದಿರಲೇಬೇಕು. ಒಂದು ಮುಸ್ಲಿಂ ಮನೆತನದ ಕತೆ. ಹಣವಿದೆ, ಮಹಲಿದೆ, ಆದರೆ ವಿದ್ಯೆ ಇಲ್ಲ. ಅದರಿಂದ ಬಂದ ಒರಟುತನ ಮನೆಯ ನೆಮ್ಮದಿಯನ್ನು ತಿಂದುಹಾಕುತ್ತದೆ. ಆ ಮನೆಗೆ ಮದುವೆಯಾಗಿ ಬಂದ ಹೆಣ್ಣುಮಗಳು ವಿಧವೆಯಾಗುತ್ತಾಳೆ. ಕೊನೆಗೆ ಅವಳು ಮರುಮದುವೆಯ ದಾರಿ ಹಿಡಿಯದೆ ಆ ಮಹಲನ್ನೇ ಶಾಲೆಯಾಗಿ ಮಾಡುತ್ತಾಳೆ.

ಚಿತ್ರ ಬಂದದ್ದು ಯಾವ ವರ್ಷ ಎಂಬುದನ್ನು ನೆನಪಿಡಿ. ವಿಭಜನೆಯ ಆ ವರ್ಷ ಸಾವಿರಾರು ಮುಸ್ಲಿಂ ಕುಟುಂಬಗಳು ಮುಂದೇನು ಎಂದು ತಿಳಿಯದೆ ಕಂಗಾಲಾಗಿದ್ದವು. ಅಂಥ ಹೊತ್ತಿನಲ್ಲಿ ಮೆಹಬೂಬ್ ತನ್ನ ಸಮುದಾಯದ ಮುಂದೆ ಇಟ್ಟದ್ದು ವಿದ್ಯೆಯ ಮಾತು. ಅದರಲ್ಲೂ ಹೆಣ್ಣೊಬ್ಬಳ ಕೈಯಿಂದ ತೆರೆದ ಶಾಲೆಯ ಮಾತು. ಸ್ವತಃ ಶಾಲೆ ಕಾಣದ ಮನುಷ್ಯ ಇದನ್ನು ಹೇಳಿದ್ದಕ್ಕೆ ಬೇರೆಯೇ ತೂಕವಿದೆ. ಓದಿದವರು ಓದಿನ ಲಾಭ ಹೇಳುತ್ತಾರೆ. ಓದದವನಿಗೆ ಗೊತ್ತಿರುವುದು ಅದರ ನಷ್ಟ.

'ಮದರ್ ಇಂಡಿಯಾ'

'ಔರತ್' ಮಾಡಿ ಹದಿನೇಳು ವರ್ಷಗಳ ನಂತರ ಅದೇ ಕತೆಯನ್ನು ಮೆಹಬೂಬ್ ಬಣ್ಣದಲ್ಲಿ, ದೊಡ್ಡ ಪ್ರಮಾಣದಲ್ಲಿ ಮತ್ತೆ ಹೇಳಿದರು. ಹೆಸರನ್ನು ಬೇಕೆಂದೇ ಆರಿಸಿಕೊಂಡಿದ್ದರು. 1927ರಲ್ಲಿ ಕ್ಯಾಥರಿನ್ ಮೇಯೊ ಎಂಬ ಅಮೆರಿಕನ್ ಲೇಖಕಿ ಇದೇ ಹೆಸರಿನ ಪುಸ್ತಕದಲ್ಲಿ ಭಾರತವನ್ನು ಹೀನಾಯವಾಗಿ ಚಿತ್ರಿಸಿದ್ದರು. ಹೆಸರು ಕೇಳಿ ಸರ್ಕಾರಕ್ಕೂ ಅನುಮಾನ ಬಂದು ಚಿತ್ರಕತೆಯನ್ನು ಕೇಳಿತು. ತನ್ನ ಚಿತ್ರ ಆ ಪುಸ್ತಕಕ್ಕೆ ಸಂಪೂರ್ಣ ವಿರುದ್ಧವಾದದ್ದು ಎಂದು ಮೆಹಬೂಬ್ ಕಡೆಯಿಂದ ವಿವರಣೆ ಹೋಯಿತು. ವಜಾಹತ್ ಮಿರ್ಝಾ ಮತ್ತು ಎಸ್. ಅಲಿ ರಝಾ ಸಂಭಾಷಣೆ ಬರೆದರು. ಶಕೀಲ್ ಬದಾಯೂನಿ ಹಾಡು ಬರೆದರು, ನೌಶಾದ್ ರಾಗ ಕೂಡಿಸಿದರು.

ಗುಜರಾತಿನ ಹಳ್ಳಿಯೊಂದರಲ್ಲಿ ಬೆಂಕಿಯ ದೃಶ್ಯ ತೆಗೆಯುವಾಗ ಗಾಳಿಗೆ ಜ್ವಾಲೆ ಕೈಮೀರಿತು. ಹುಲ್ಲಿನ ಮೆದೆಗಳ ನಡುವೆ ನರ್ಗಿಸ್ ಸಿಕ್ಕಿಬಿದ್ದರು. ಚಿತ್ರದಲ್ಲಿ ಅವರ ಮಗನಾಗಿದ್ದ ಸುನಿಲ್ ದತ್ ಒಳಗೆ ನುಗ್ಗಿ ಅವರನ್ನು ಉಳಿಸಿದರು. ಇಬ್ಬರಿಗೂ ಸುಟ್ಟ ಗಾಯಗಳಾದವು. 1958ರಲ್ಲಿ ಅವರಿಬ್ಬರೂ ಮದುವೆಯಾದರು. ಈ ಸಂಗತಿ ಬಹಳ ಜನರಿಗೆ ಗೊತ್ತು. ಆದರೆ ಚಿತ್ರದ ನಿಜವಾದ ಬೆಂಕಿ ಬೇರೆ ಕಡೆ ಇದೆ.

ರಾಧಾ ಮದುವೆಯಾಗಿ ಬಂದಾಗ ಅವಳ ಅತ್ತೆ ಆ ಮದುವೆಗಾಗಿ ಲೇವಾದೇವಿಗಾರ ಸುಖೀಲಾಲನಿಂದ 500 ರೂಪಾಯಿ ಸಾಲ ತಂದಿರುತ್ತಾಳೆ. ಪತ್ರದಲ್ಲಿ ಏನು ಬರೆದಿದೆ ಎಂದು ಆ ಮನೆಯವರಿಗೆ ಓದಲು ಬರುವುದಿಲ್ಲ. ತಕರಾರು ಪಂಚಾಯಿತಿಗೆ ಹೋಗುತ್ತದೆ. ಕಾಗದ ಸುಖೀಲಾಲನ ಪರ ಇರುವುದರಿಂದ ತೀರ್ಪೂ ಅವನ ಪರ. ಬೆಳೆದ ಬೆಳೆಯಲ್ಲಿ ಮುಕ್ಕಾಲು ಭಾಗ ಬಡ್ಡಿಗೇ ಹೋಗಬೇಕು, ಅಸಲು ಹಾಗೆಯೇ ಉಳಿಯುತ್ತದೆ. ಗಂಡ ಬಂಡೆಯಡಿ ಸಿಕ್ಕಿ ಎರಡೂ ಕೈ ಕಳೆದುಕೊಂಡು, ಮನೆಗೆ ಭಾರವಾಗಬಾರದು ಎಂದು ಒಂದು ರಾತ್ರಿ ಎದ್ದು ಹೋಗುತ್ತಾನೆ. ಪ್ರವಾಹ ಬಂದು ಬೆಳೆ ಕೊಚ್ಚಿಕೊಂಡು ಹೋಗುತ್ತದೆ. ಹಸಿದ ಮಕ್ಕಳನ್ನು ಕಟ್ಟಿಕೊಂಡು ರಾಧಾ ತಾನೇ ನೊಗಕ್ಕೆ ಹೆಗಲು ಕೊಡುತ್ತಾಳೆ, ಆದರೆ ಮಾನ ಬಿಟ್ಟುಕೊಡುವುದಿಲ್ಲ.

ಕಿರಿಯ ಮಗ ಬಿರ್ಜುವಿಗೆ ಬಾಲ್ಯದಿಂದಲೂ ಕಾಡುವುದು ಒಂದೇ ವಸ್ತು: ಸುಖೀಲಾಲನ ಲೆಕ್ಕದ ಪುಸ್ತಕ. ತನ್ನ ತಾಯಿಯ ಬೆವರೆಲ್ಲ ಆ ಗೆರೆಗಳೊಳಗೆ ಹೇಗೆ ಮಾಯವಾಗುತ್ತದೆ ಎಂದು ತಿಳಿಯಬೇಕು, ಆದರೆ ಓದಲು ಬರುವುದಿಲ್ಲ. ಊರಿನ ಓದಿದ ಹುಡುಗಿಯ ಬಳಿ ಹೋಗಿ ಕಲಿಯಲು ನೋಡುತ್ತಾನೆ. ತಾಳ್ಮೆ ಇಲ್ಲ, ಸಿಟ್ಟು ಮುಂದೆ ಓಡುತ್ತದೆ. ಓದಲಾಗದ ಆ ಪುಸ್ತಕಗಳನ್ನು ಕೊನೆಗೆ ಸುಟ್ಟುಹಾಕುತ್ತಾನೆ, ಡಕಾಯಿತನಾಗುತ್ತಾನೆ, ಸುಖೀಲಾಲನನ್ನು ಕೊಲ್ಲುತ್ತಾನೆ. ಅಷ್ಟಕ್ಕೇ ನಿಲ್ಲದೆ ಅವನ ಮಗಳನ್ನು ಮದುವೆಯ ದಿನ ಹೊತ್ತೊಯ್ಯಲು ಹೊರಡುತ್ತಾನೆ. ಆಗ ರಾಧಾ ಬಂದೂಕು ಎತ್ತಿ ತನ್ನ ಮಗನನ್ನೇ ಹೊಡೆಯುತ್ತಾಳೆ. ಶತ್ರುವಿನ ಮಗಳಾದರೂ ಹೆಣ್ಣುಮಗಳ ಮಾನ ಇಡೀ ಊರಿನ ಮಾನ ಎಂಬುದು ಅವಳ ನಿಲುವು. ಸ್ವಂತ ರಕ್ತಕ್ಕೆ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕು ಎಂಬ ಪಾಠ ನಮಗೆ ಹೊಸದಲ್ಲ. ಕುರ್‌ಆನ್ ಅದನ್ನೇ ಬೋಧಿಸುತ್ತದೆ. ಮೆಹಬೂಬ್ ಆ ಪಾಠವನ್ನು ಹಳ್ಳಿಯ ಹಿಂದೂ ತಾಯಿಯೊಬ್ಬಳ ಬದುಕಿನಲ್ಲಿ ತೋರಿಸಿದರು. ಇಡೀ ದೇಶ ಅವಳನ್ನು ತನ್ನ ತಾಯಿ ಎಂದೇ ನೋಡಿತು.

ಬಿರ್ಜುವಿನ ಸಿಟ್ಟು ನ್ಯಾಯವಾದದ್ದೇ. ಅವನ ಸೋಲು ಇರುವುದು ಆ ಪುಸ್ತಕವನ್ನು ಓದಲಾಗದೆ ಸುಟ್ಟದ್ದರಲ್ಲಿ. ಓದು ಬಾರದ ನಿರ್ದೇಶಕ ತನ್ನ ಅತಿ ದೊಡ್ಡ ಚಿತ್ರದ ನಡುವೆ ಒಂದು ಲೆಕ್ಕದ ಪುಸ್ತಕವನ್ನು ಇಟ್ಟದ್ದು ಸುಮ್ಮನೆ ಅಲ್ಲ ಎನಿಸುತ್ತದೆ.

1957ರ ಅಕ್ಟೋಬರ್ 25ರಂದು ಚಿತ್ರ ತೆರೆಕಂಡಿತು. ಅತ್ಯುತ್ತಮ ಚಿತ್ರ, ನಿರ್ದೇಶಕ, ನಟಿ ಸೇರಿದಂತೆ ಐದು ಫಿಲ್ಮ್‌ಫೇರ್ ಪ್ರಶಸ್ತಿಗಳು ಬಂದವು. ಕಾರ್ಲೋವಿ ವಾರಿ ಚಿತ್ರೋತ್ಸವದಲ್ಲಿ ನರ್ಗಿಸ್ ಅತ್ಯುತ್ತಮ ನಟಿಯಾದರು. 1958ರಲ್ಲಿ ವಿದೇಶಿ ಭಾಷಾ ವಿಭಾಗದ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಪ್ರಶಸ್ತಿ ಇಟಲಿಯ ಫೆಲಿನಿಯವರ 'ನೈಟ್ಸ್ ಆಫ್ ಕಬೀರಿಯಾ' ಪಾಲಾಯಿತು. ಆದರೆ ಬಿಲಿಮೋರಾದಿಂದ ಓಡಿಬಂದ ಹುಡುಗ ಅಷ್ಟು ದೂರ ಬಂದಿದ್ದೇ ಇತಿಹಾಸ.

ಕೊನೆಯ ದಿನಗಳು

1962ರಲ್ಲಿ ಸಾಜಿದ್‌ನನ್ನು ಮುಖ್ಯ ಪಾತ್ರದಲ್ಲಿಟ್ಟು 'ಸನ್ ಆಫ್ ಇಂಡಿಯಾ' ಮಾಡಿದರು. ಚಿತ್ರ ಸೋತಿತು. ಆದರೆ ಅದರಲ್ಲಿ ಶಾಂತಿ ಮಾಥುರ್ ಹಾಡಿದ ಪುಟ್ಟ ಸೈನಿಕನ ಹಾಡು ಇಂದಿಗೂ ಸ್ವಾತಂತ್ರ್ಯ ದಿನದಂದು ಶಾಲೆಗಳಲ್ಲಿ ಕೇಳಿಬರುತ್ತದೆ. 1963ರಲ್ಲಿ ಭಾರತ ಸರ್ಕಾರ ಮೆಹಬೂಬರಿಗೆ ಪದ್ಮಶ್ರೀ ನೀಡಿತು. ಕಾಶ್ಮೀರದ ಕವಯಿತ್ರಿ ಹಬ್ಬಾ ಖಾತೂನ್ ಬಗ್ಗೆ ಚಿತ್ರ ಮಾಡುವ ಆಸೆ ಅವರಿಗಿತ್ತು. ಅದು ಈಡೇರಲಿಲ್ಲ. 1964ರ ಮೇ 27ರಂದು ಪ್ರಧಾನಿ ನೆಹರೂ ತೀರಿಕೊಂಡರು. ಮರುದಿನ, ಮೇ 28ರಂದು, ಹೃದಯಾಘಾತದಿಂದ ಮೆಹಬೂಬ್ ಖಾನ್ ಕೂಡ ನಿಧನರಾದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಆಗ ಅವರಿಗೆ 56 ವರ್ಷ. 2007ರಲ್ಲಿ, ಅವರ ಜನ್ಮಶತಾಬ್ದಿಯ ಸಂದರ್ಭದಲ್ಲಿ, ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಓದದೇ ದೊಡ್ಡವರಾದ ಮೆಹಬೂಬರನ್ನು ನೋಡಿ ನಾವೂ ಓದು ಬಿಡಬಹುದೇ? ಅವರು ಶಾಲೆ ಬಿಟ್ಟರೂ ಕಲಿಯುವುದನ್ನು ಒಂದು ದಿನವೂ ಬಿಡಲಿಲ್ಲ. ಬರೆಯಬಲ್ಲವರನ್ನು, ಹಾಡು ಕಟ್ಟಬಲ್ಲವರನ್ನು ಹತ್ತಿರ ಇಟ್ಟುಕೊಂಡರು. ತಮಗೆ ಬಾರದ್ದನ್ನು ಬಲ್ಲವರಿಗೆ ಗೌರವ ಕೊಟ್ಟರು. ತಮ್ಮ ಚಿತ್ರಗಳಲ್ಲಿ ವಿದ್ಯೆ ಇಲ್ಲದಿರುವುದನ್ನು ಎಲ್ಲಿಯೂ ಹೆಮ್ಮೆಯಾಗಿ ತೋರಿಸಲಿಲ್ಲ, ಒಂದು ಸಂಕಟವಾಗಿಯೇ ತೋರಿಸಿದರು. ಮೆಹಬೂಬರಂತೆ ಬೊಂಬಾಯಿಗೆ ಓಡಿದ ಹುಡುಗರು ಆ ಕಾಲದಲ್ಲಿ ಎಷ್ಟೋ ಮಂದಿ. ಅವರೆಲ್ಲರ ಹೆಸರು ನಮಗೆ ಗೊತ್ತಿಲ್ಲ, ಏಕೆಂದರೆ ಅವರು ಪೀಪಾಯಿಯಿಂದ ಹೊರಗೆ ಬರಲೇ ಇಲ್ಲ.

ಸುಖೀಲಾಲರು ಇಂದಿಗೂ ಇದ್ದಾರೆ. ಲೆಕ್ಕದ ಪುಸ್ತಕದ ಬದಲು ಮೊಬೈಲಿನ ಸಾಲದ ಆ್ಯಪ್ ಬಂದಿದೆ, ನಾವು ಓದದೇ ಒಪ್ಪಿಗೆ ಒತ್ತುವ ಷರತ್ತುಗಳು ಬಂದಿವೆ. ನಮ್ಮ ಮನೆಗಳಲ್ಲಿ ಇಂದಿಗೂ ಬ್ಯಾಂಕಿನ ಚಲನ್, ಆಸ್ಪತ್ರೆಯ ಚೀಟಿ, ರೇಷನ್ ಕಾರ್ಡಿನ ಅರ್ಜಿ ಹಿಡಿದು ಮಗಳು ಅಥವಾ ಮಗ ಕಾಲೇಜಿನಿಂದ ಬರುವುದನ್ನು ಕಾಯುವ ಅಮ್ಮಂದಿರಿದ್ದಾರೆ. ಅವರ ಪಾಲಿಗೆ ಓದುವ ಕಣ್ಣು ನೀವೇ.

ಇನ್ನು ಮುಂದೆ ಯಾವ ನಟ ದೊಡ್ಡವನು ಎಂಬ ಚರ್ಚೆ ಬಂದಾಗ ಧಾರಾಳವಾಗಿ ವಾದ ಮಾಡಿ. ಜೊತೆಗೆ ಆ ಚಿತ್ರ ಯಾರದು, ಅದು ಯಾರ ಪರ ನಿಂತಿದೆ ಎಂದೂ ಒಮ್ಮೆ ಕೇಳಿಕೊಳ್ಳಿ. ರಜೆಯಲ್ಲಿ ಬಿಡುವು ಸಿಕ್ಕರೆ ಮನೆಯವರ ಜೊತೆ ಕುಳಿತು 'ಮದರ್ ಇಂಡಿಯಾ' ನೋಡಿ. ಸುಮಾರು ಮೂರು ಗಂಟೆಯ ಚಿತ್ರ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದನ್ನು ಮರೆಯಬೇಡಿ.